ಬೂಟು ಬಿಚ್ಚದ ಐತವಾರ

ಸುನಿತಾಗೆ ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹೊಳೆಯ ಆಚೆ ದಂಡೆಯಲ್ಲಿ, ಸೇತುವೆ ಮುಗಿಯುವಲ್ಲಿರುವ ದ್ಯಾಮಕ್ಕನ ಚಹಾದಂಗಡಿಯ ಮುಂದೆ, ಸ್ಕೂಟಿಯ ಎಂಜಿನ್ ಕೂಡ ಆರಿಸದೆ ಅವಳು ಮಗಳನ್ನು ಇಳಿಸಿದಳು. ಹಾಲೇಶ್ ತನ್ನ ಬೈಕಿನ ಪಕ್ಕ ನಿಂತು, ಅಂಗಿಯ ಜೇಬಿನಲ್ಲಿದ್ದ ಫೋನನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡಿದ್ದ, ಅದು ತಾನಾಗಿ ಬಾಯಿ ಬಿಟ್ಟೀತು ಎಂಬ ಹೆದರಿಕೆಯಲ್ಲಿ. ಅರ್ಧ ತಾಸಿನ ಹಿಂದೆ, ಎಂಟೂವರೆಗೆ, ಡ್ಯಾಮಿನಲ್ಲಿ ಗೇಟಿನ ಕೆಲಸ ಮಾಡುವ ಗೆಳೆಯ ಪಕೀರಪ್ಪ ಫೋನು ಮಾಡಿದ್ದ. "ಹತ್ತಕ್ಕ ಇನ್ನಷ್ಟು ಗೇಟ್ ಎತ್ತತಾರಲೇ. ನಿಮ್ಮ ಕಂಪ್ಲಿ ಸೇತುವಿ ಸಂಜಿಗೆ ಮುಳುಗೋದು ಖರೇ. ಆ ಕಡಿ ಕೆಲಸ ಏನರ ಇದ್ರ ಜಲ್ದಿ ಮುಗಿಸ್ಕ." ಆ ಕಡೆ ಅವನಿಗಿದ್ದ ಕೆಲಸ ಒಂದೇ, ಸಂಜೆ ಐದಕ್ಕೆ ಮಗಳನ್ನು ಅವಳ ತಾಯಿಗೆ ಒಪ್ಪಿಸುವುದು. ಹೇಳಬೇಕೆಂದು ಬಾಯಿ ತೆರೆದದ್ದೂ ಹೌದು. ಅಷ್ಟರಲ್ಲಿ ಸುನಿತಾ, "ಐದಕ್ಕ ಇಲ್ಲೇ ಇರ್ತೀನಿ. ಹೋದ ಸಲ ಹತ್ತು ನಿಮಿಷ ತಡ ಆಗಿತ್ತು" ಎಂದಳು. ಮೊದಲೆಲ್ಲ 'ರೀ' ಎಂದು ಕೂಗಿಯೇ ಮಾತು ಶುರು ಮಾಡುತ್ತಿದ್ದವಳು ಈಗ ಅವನನ್ನು ಏನೆಂದೂ ಕರೆಯುವುದಿಲ್ಲ. ಮಾತು ನಡುವಿನಿಂದಲೇ ಶುರುವಾಗುತ್ತದೆ. ದ್ಯಾಮಕ್ಕ ಚಹಾ ಸೋಸುತ್ತಾ ಇಬ್ಬರ ಮುಖವನ್ನೂ ನೋಡಿದಳು. ತಿಂಗಳಿಗೆ ಎರಡು ಐತವಾರ ಇದನ್ನು ನೋಡಿ ನೋಡಿ ಅವಳಿಗೆ ಹೊಸಪೇಟೆ ಕೋರ್ಟಿನ ಆರ್ಡರು ಬಾಯಿಪಾಠವಾಗಿರಬೇಕು. "ಆತು" ಎಂದ ಹಾಲೇಶ್. ಅಷ್ಟೇ ಎಂದದ್ದು.

ಸೇತುವೆಯ ಮೇಲೆ ಬೈಕು ಮೆಲ್ಲಗೆ ಹೋಗುತ್ತಿತ್ತು. ಮೂರು ದಿನದಿಂದ ಹೊಳೆ ತುಂಬಿಯೇ ಇತ್ತು. ಕೆಂಪು ನೀರು ಸೇತುವೆಯಿಂದ ಒಂದಾಳು ಕೆಳಗೆ, ಬಾಳೆಗಿಡಗಳನ್ನು ಬುಡಸಮೇತ ಹೊತ್ತುಕೊಂಡು, ಯಾರ ಹಂಗೂ ಇಲ್ಲದೆ ಹರಿಯುತ್ತಿತ್ತು. ಹಿಂದೆ ಕೂತ ಸ್ಫೂರ್ತಿ ಅಪ್ಪನ ಸೊಂಟ ಹಿಡಿಯದೆ ಸೀಟಿನ ಹಿಂದಿನ ಕಬ್ಬಿಣದ ಕಂಬಿ ಹಿಡಿದಿದ್ದಳು. ಒಂಬತ್ತು ವರ್ಷದ ಹುಡುಗಿ, ಯಾರನ್ನು ಎಷ್ಟು ಹಿಡಿಯಬೇಕೆಂದು ಕಲಿತುಬಿಟ್ಟಿದ್ದಾಳೆ. "ಅಪ್ಪಾ, ನೀರು ಇನ್ನಾ ಬರ್ತೈತೇನು?" ಎಂದಳು. "ಇಲ್ಲವ್ವಾ, ಇಳೀತೈತಿ" ಎಂದ ಅವನು. ಆ ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ಅವನಿಗೇ ಒಳಗೆ ಛಳ್ಳೆಂದಿತು. ಕಂಪ್ಲಿ ಕೋಟೆಯ ಕೆಳಗೆ ಹೊಳೆಯ ನಡುವೆ ಒಂದು ಬಂಡೆಯುಂಟು, ಊರವರ ಬಾಯಲ್ಲಿ ಆನೆಗುಂಡು. ಗೇಟು ಎತ್ತಿದ ಸುದ್ದಿ ಬಂದರೆ ಅಲ್ಲಿಯವರು ಗಡಿಯಾರ ನಂಬುವುದಿಲ್ಲ, ಆನೆಗುಂಡನ್ನು ನೋಡುತ್ತಾರೆ. ಅದರ ಬೆನ್ನು ಮುಳುಗಿತೆಂದರೆ ಸೇತುವೆಗೆ ಉಳಿದದ್ದು ಅರ್ಧ ತಾಸು. ಹತ್ತಕ್ಕೆ ಗೇಟು ಎತ್ತಿದರೆ ನೀರು ಇಲ್ಲಿಗೆ ಬರಲು ಆರು ತಾಸು, ನಾಲ್ಕಕ್ಕೆ ಆನೆಗುಂಡು, ನಾಲ್ಕೂವರೆಗೆ ಸೇತುವೆ ಬಂದ್. ನಾಲ್ಕೂ ಮುಕ್ಕಾಲಿಗೆ ಮಗಳನ್ನು ಕೂರಿಸಿಕೊಂಡು ತಾನು ಬಂದು ನಿಲ್ಲುತ್ತೇನೆ, ಅಯ್ಯೋ ಮುಳುಗಿಬಿಟ್ಟಿತಲ್ಲ ಎನ್ನುತ್ತೇನೆ, ಹೊಳೆಯ ಮೇಲೆ ಯಾವ ಜಡ್ಜು ತಪ್ಪು ಹೊರಿಸುತ್ತಾನೆ? ಬುಕ್ಕಸಾಗರದ ಹತ್ತಿರದ ಇನ್ನೊಂದು ಸೇತುವೆಯಿಂದ ಸುತ್ತಿ ಹೋಗಲು ದಾರಿ ಇದೆ, ಗೊತ್ತು, ಒಂದೂವರೆ ತಾಸಿನ ಹಾದಿ. ಆದರೆ ನೀರು ಇಳಿದೀತೇನೋ ಎಂದು ದಂಡೆಯಲ್ಲೇ ಕಾಯುತ್ತಾ ಆರೂವರೆ ಮಾಡಿದರೆ, ಕತ್ತಲಲ್ಲಿ ಬೈಕಿನ ಮೇಲೆ ಕೂಸನ್ನು ತರಬ್ಯಾಡ್ರಿ ಎಂದು ಸುನಿತಾಳೇ ಹೇಳುತ್ತಾಳೆ. ಅವಳ ಬಾಯಿಂದಲೇ ಬರಬೇಕು ಆ ಮಾತು. ಇಷ್ಟೆಲ್ಲ ಲೆಕ್ಕ ಹಾಕಿದ್ದು ಬರೀ ಅರ್ಧ ತಾಸಿನಲ್ಲಿ ಎಂದರೆ ಯಾರಾದರೂ ನಂಬುತ್ತಾರೆಯೇ? ಎಷ್ಟೋ ತಿಂಗಳಿಂದ ಒಳಗೆ ಕೂತು ಹೊಂಚಿದ್ದ ಯಾವನೋ ಒಬ್ಬ ಎದ್ದು ಬಂದಂತಿತ್ತು. ಹಾಲೇಶನಿಗೆ ಅವನನ್ನು ಕಂಡರೆ ಭಯವಾಯಿತು.

ಅವನಿಗೆ ಬೇಕಿದ್ದದ್ದು ಒಂದು ರಾತ್ರಿ, ಮತ್ತೇನೂ ಅಲ್ಲ. ಮಗಳು ತನ್ನ ಮನೆಯಲ್ಲಿ ಮಲಗಬೇಕು, ಬೆಳಿಗ್ಗೆ ಕಣ್ಣು ಬಿಟ್ಟಾಗ ತಾನು ಎದುರಿಗಿರಬೇಕು. ಇದಕ್ಕಾಗಿ ಕೋರ್ಟಿನ ಆರ್ಡರಿನ ಒಂದು ಸಾಲನ್ನು ದಾಟಬೇಕಿತ್ತು: ಹಗಲಲ್ಲಿ ಮಗಳನ್ನು ಕರೆತರಬಹುದು, ರಾತ್ರಿ ಇಟ್ಟುಕೊಳ್ಳುವಂತಿಲ್ಲ. ಆ ಸಾಲು ಬರೆಸಿದವಳು ಸುನಿತಾ ಎಂದು ಅವನು ಗೆಳೆಯರೆದುರು ಹೇಳಿಕೊಂಡು ತಿರುಗಿದ್ದ. ನಿಜದಲ್ಲಿ ಬರೆಸಿದವನು ತಾನೇ. ಕೇಸು ನಡೆಯುತ್ತಿದ್ದ ದಿನಗಳಲ್ಲಿ ಒಂದು ರಾತ್ರಿ ಆರು ವರ್ಷದ ಸ್ಫೂರ್ತಿಯನ್ನು ತನ್ನ ಬಳಿ ಮಲಗಿಸಿಕೊಂಡಿದ್ದ. ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವ ಬಾಯ್ಲರು ಅವನದೇ ಜವಾಬ್ದಾರಿ. ಗಾಜಿನ ಕೊಳವೆಯಲ್ಲಿ ನೀರು ಗೆರೆಯಿಂದ ಕೆಳಗಿಳಿಯದಂತೆ ನೋಡುವುದು, ಇಳಿದರೆ ಓಡುವುದು. ನಸುಕಿನಲ್ಲಿ ಗಿರಣಿಯಿಂದ ಕರೆ ಬಂತು. ಮಗು ಗಾಢ ನಿದ್ದೆಯಲ್ಲಿತ್ತು. ಹತ್ತೇ ನಿಮಿಷ ಅಂದುಕೊಂಡು ಹೊರಗಿನಿಂದ ಚಿಲಕ ಹಾಕದೆ ಹೋದ, ಚಿಲಕ ಹಾಕಿದರೆ ಎದ್ದು ಹೆದರೀತು ಎಂದು. ಹತ್ತು ನಿಮಿಷ ಒಂದು ತಾಸಾಯಿತು. ವಾಪಸು ಬಂದಾಗ ಬಾಗಿಲು ಅಗಲ ತೆರೆದಿತ್ತು. ಊರ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಹೋಗುವ ರಸ್ತೆಯಲ್ಲಿ ಯಾರೋ ಹಾಲಿನವನು ಮಗುವನ್ನು ಹಿಡಿದು ನಿಲ್ಲಿಸಿಕೊಂಡಿದ್ದ. ಕೋರ್ಟಿನಲ್ಲಿ ಸುನಿತಾ ಇದನ್ನು ಹೇಳಿದಾಗ, ಸುಳ್ಳು ಅನ್ನಲೇ ಎಂಬಂತೆ ಅವನ ಪರ ವಕೀಲರು ಅವನತ್ತ ತಿರುಗಿದ್ದರು. ಅವನು ತಲೆ ತಗ್ಗಿಸಿದ್ದ.

ಮನೆಯೆಂದರೆ ಕೋಟೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಹೊಸ ಹಾಸಿಗೆ ಹೊದಿಕೆ, ಹೂವಿನ ದಿಂಬು, ಕನ್ನಡಿಯ ಕೆಳಗೆ ಪ್ಯಾಕೆಟ್ಟು ಒಡೆಯದ ಗುಲಾಬಿ ಬಣ್ಣದ ಹಲ್ಲುಜ್ಜುವ ಬ್ರಷ್ಷು. ಹಗಲಲ್ಲಿ ಬಂದು ಹೋಗುವ ಹುಡುಗಿಗೆ ಬ್ರಷ್ಷು ಯಾತಕ್ಕೆ? ಅವಳ ಕಣ್ಣು ಅದರ ಮೇಲೆ ಬಿದ್ದಾಗ ಹಾಲೇಶ್ ಬೇಗ ಬೇಗ ಮಾತು ತೆಗೆದ. "ಬೂಟು ಬಿಚ್ಚವ್ವಾ, ಆರಾಮ ಕುಂದ್ರು." "ಇರ್ಲಿ" ಎಂದಳು ಸ್ಫೂರ್ತಿ. ಮಂಚದ ಅಂಚಿಗೆ ಕೂತು, ಕಾಲು ಕೆಳಗೆ ಇಳಿಬಿಟ್ಟು, ಅವನ ಫೋನಿನಲ್ಲಿ ಏನೋ ಆಟ ಆಡತೊಡಗಿದಳು. ಯಾವ ಐತವಾರವೂ ಅವಳು ಬೂಟು ಬಿಚ್ಚಿದವಳಲ್ಲ ಎಂಬುದು ಅವನಿಗೆ ಇವತ್ತು ಹೊಳೆಯಿತು. ಮಮ್ಮಿ ಹೇಳಿಕೊಟ್ಟಿದ್ದಾಳೆ, ಅಲ್ಲಿ ನೆಲ ಹೊಲಸು ಎಂದಿದ್ದಾಳೆ, ಅದಕ್ಕೇ ಎಂದು ತೀರ್ಮಾನಿಸಿಕೊಂಡ. ನಿನ್ನೆ ಎರಡು ಸಲ ನೆಲ ಒರೆಸಿದ್ದನಲ್ಲ, ಆ ಸಿಟ್ಟಿಗೆ ಈರುಳ್ಳಿ ದಪ್ಪ ದಪ್ಪ ಹೆಚ್ಚಿದ. ಮಂಡಕ್ಕಿ ಒಗ್ಗರಣೆ ಮಾಡಿ ಕೊಟ್ಟರೆ ಅವಳು ಶೇಂಗಾ ಮಾತ್ರ ಆರಿಸಿ ತಿಂದಳು. ಹನ್ನೆರಡರ ಸುಮಾರಿಗೆ ಅವನು ಅಡುಗೆಮನೆಯಲ್ಲಿ ಕುಕ್ಕರು ಇಟ್ಟಿದ್ದಾಗ ಹೊರಗೆ ಫೋನು ಬಡಿದುಕೊಂಡಿತು. ಸ್ಫೂರ್ತಿ ಫೋನು ಹಿಡಿದು ಹೊಸ್ತಿಲ ಆಚೆ ಹೋದಳು. ಸೀಟಿಯ ಸದ್ದಿನ ನಡುವೆ ಅವನ ಕಿವಿಗೆ ಬಿದ್ದದ್ದು ಬರೀ "ಹೂಂ... ಹೂಂ... ಹೂಂ ಮಮ್ಮಿ." ಒಳಗೆ ಬಂದು, "ಮಮ್ಮಿ. ಊಟ ಆತೇನು ಅಂದ್ಲು" ಎಂದಳು. "ಮತ್ತೇನಂದ್ಲು?" "ಏನಿಲ್ಲ." ಅವಳು ಅವನ ಮುಖವನ್ನೇ ನೋಡಿದಳು. ಸುನಿತಾ ಏನನ್ನೋ ಅನುಮಾನಿಸಿದಾಗ ನೋಡುತ್ತಿದ್ದ ಅದೇ ನೋಟ. ಹಾಲೇಶ್ ಕುಕ್ಕರಿನ ಕಡೆ ತಿರುಗಿಕೊಂಡ.

ಊಟಕ್ಕೆ ಕೂತಾಗ ಅವಳು, "ಹೊಳಿ ಹೆಂಗೈತಪ್ಪಾ ಈಗ?" ಎಂದಳು. "ಇದ್ದಂಗ ಐತಿ." ಎರಡು ತುತ್ತು ತಿಂದು, "ನಾವು ಎಷ್ಟಕ್ಕ ಹೋಗೋದು?" "ಐದಕ್ಕ. ಯಾವಾಗಿನಂಗ." ಮತ್ತೆರಡು ತುತ್ತು. "ನನಗೇನರ ಹೇಳೋದು ಮರ್ತಿಯೇನಪ್ಪಾ?" ಅವನ ಕೈಯ ಅನ್ನ ತಟ್ಟೆಗೆ ಬಿತ್ತು. ಇವಳಿಗೆ ಹೇಗೆ... ಛೆ, ಏನೂ ಗೊತ್ತಿರಲಿಕ್ಕಿಲ್ಲ, ಮಕ್ಕಳು ಸುಮ್ಮನೆ ಕೇಳುತ್ತವೆ. "ಏನು ಹೇಳೋದಿತ್ತವ್ವಾ? ಏನಿಲ್ಲ. ಉಪ್ಪು ಕಮ್ಮಿ ಆಗೈತೇನು?" ಎಂದ. ಅವಳು ಇಲ್ಲವೆಂದು ತಲೆಯಾಡಿಸಿ ತಟ್ಟೆಯಲ್ಲಿ ಗೆರೆ ಎಳೆಯುತ್ತಾ ಕೂತಳು. ಆ ಹೊತ್ತಿಗೆ ಹೇಳಿಬಿಟ್ಟಿದ್ದರೆ ನಡೆದೇಹೋಗುತ್ತಿತ್ತು. ಮಧ್ಯಾಹ್ನದ ಒಂದು ಗಂಟೆಯೂ ಇನ್ನೂ ಆಗಿರಲಿಲ್ಲ. ಬೈಕು ಹತ್ತಿ ಹದಿನೈದು ನಿಮಿಷದಲ್ಲಿ ಆಚೆ ದಂಡೆ ಮುಟ್ಟಬಹುದಿತ್ತು. ಇವಳು ದೊಡ್ಡವಳಾಗುತ್ತಾಳೆ, ಯಾವತ್ತೋ ಒಂದು ದಿನ ಗಂಡನಿಗೋ ಗೆಳತಿಗೋ ತನ್ನ ಅಪ್ಪನ ಬಗ್ಗೆ ಹೇಳುತ್ತಾಳೆ. ಹೇಳಲಿಕ್ಕೆ ಅವಳ ಬಳಿ ಏನಿದೆ? ಒಂದು ನಸುಕು, ಒಂದು ತೆರೆದ ಬಾಗಿಲು. ಅದರ ಮೇಲೆ ಇನ್ನೊಂದು ನೆನಪು ಇಡಬೇಕಿತ್ತು ಅವನಿಗೆ, ಹಾಸಿಗೆ ಬೆಚ್ಚಗಿದ್ದ ರಾತ್ರಿಯದು, ಅಪ್ಪ ಬೆಳತನಕ ಪಕ್ಕದಲ್ಲೇ ಇದ್ದದ್ದು. ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಅಲ್ಲವೇ ಎಂದು ತನ್ನನ್ನೇ ಕೇಳಿಕೊಂಡ.

ಎರಡೂವರೆಗೆ ಅವಳಿಗೆ ನಿದ್ದೆ ಬಂತು. ಬೂಟು ಹಾಕಿದ ಕಾಲನ್ನು ಮಂಚದಿಂದ ಆಚೆ ಚಾಚಿ, ಹೊಸ ಹೊದಿಕೆ ಹೊಲಸಾಗದಂತೆ ಎಚ್ಚರ ವಹಿಸಿಕೊಂಡು ಮಲಗಿದಳು. ಹಾಲೇಶ್ ಉಸಿರು ಬಿಗಿಹಿಡಿದು ನೋಡಿದ. ಇದೇ ತಾನೇ ಕೇಳಿದ್ದು? ಮಗಳು ತನ್ನ ಮನೆಯಲ್ಲಿ ಮಲಗಿದ್ದಾಳೆ. ಬೂಟಿನ ಲೇಸು ಬಿಚ್ಚಲೇ ಎಂದು ಬಾಗಿದ. ಬೆರಳು ತಾಗಿದ್ದೇ ತಡ ಅವಳ ಕಾಲು ನಿದ್ದೆಯಲ್ಲೇ ಹಿಂದಕ್ಕೆ ಎಳೆದುಕೊಂಡಿತು. ಅವನಿಗೆ ಅಳು ಬಂದಂತಾಯಿತು. ಗಂಟೆ ಮೂರಕ್ಕೆ ಹತ್ತು ನಿಮಿಷವಿತ್ತು. ಆನೆಗುಂಡು ನೋಡಿ ಬರಬೇಕೆನ್ನಿಸಿತು, ಇನ್ನೂ ಒಂದು ತಾಸಿದೆ ಎಂಬ ಧೈರ್ಯಕ್ಕೆ. ಹೊಳೆ ಇರುವುದು ಓಣಿಯ ಆ ತುದಿಗೆ. ಹೋದೆ, ಬಂದೆ. ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದ. ಚಿಲಕ ಹಾಕಲಿಲ್ಲ, ಎದ್ದು ಹೆದರೀತು ಎಂದು.

ಆನೆಗುಂಡು ಇರಲಿಲ್ಲ. ಬೆನ್ನು ಮುಳುಗಿ, ಅದು ಇದ್ದ ಜಾಗದಲ್ಲಿ ನೀರು ಒಂದು ಸುತ್ತು ಸುಳಿದು ಮುಂದಕ್ಕೆ ಹೋಗುತ್ತಿತ್ತು. ನಾಲ್ಕಕ್ಕೆ ಬರಬೇಕಿದ್ದ ನೀರು ಮೂರಕ್ಕೇ ಬಂದು ನಿಂತಿದೆ. ಆರು ತಾಸಿನ ಲೆಕ್ಕ ಒಣಗಿದ ಹೊಳೆಯದು. ಮೂರು ದಿನದಿಂದ ತುಂಬಿ ಹರಿಯುವ ಹೊಳೆಗೆ, ಮೇಲಿನ ಹಳ್ಳಗಳೆಲ್ಲ ಬಂದು ಬೀಳುವ ಹೊಳೆಗೆ ಆ ಲೆಕ್ಕ ಹತ್ತುವುದಿಲ್ಲ ಎಂಬುದು ಹೊಳೆದಂಡೆಯಲ್ಲೇ ಹುಟ್ಟಿ ಬೆಳೆದವನಿಗೆ ಮರೆತೇಹೋಗಿತ್ತು. ಆಸೆ ಹತ್ತಿದವನ ತಲೆ ಹಾಗೆಯೇ. ನಿಂತು ನೋಡುತ್ತಿದ್ದಂತೆ ಇನ್ನೊಂದು ಭಯ ಬೆನ್ನಿನಲ್ಲಿ ತಣ್ಣಗೆ ಏರಿಬಂತು. ಬಾಗಿಲು. ಅವನು ಓಡಿದ.

ಬಾಗಿಲು ಅಗಲ ತೆರೆದಿತ್ತು. ಮಂಚದ ಮೇಲೆ ಹೊದಿಕೆ ಸುಕ್ಕಾಗಿರಲಿಲ್ಲ, ದಿಂಬಿನ ಮೇಲೆ ತಲೆಯ ತಗ್ಗು ಮಾತ್ರ ಇತ್ತು. ಅವಳ ಚೀಲ ಗೋಡೆಗೆ ಒರಗಿಕೊಂಡೇ ಇತ್ತು. ಅಡುಗೆಮನೆ, ಬಚ್ಚಲು, ಬಾಗಿಲ ಹಿಂದೆ, ಮಂಚದ ಕೆಳಗೆ, ಹುಚ್ಚನ ಹಾಗೆ ಎಲ್ಲ ನೋಡಿದ. ಇದು ಆ ನಸುಕೇ ಇರಬಹುದು, ನಡುವಿನ ಮೂರು ವರ್ಷ ತಾನು ಕಂಡ ಕನಸಿರಬಹುದು ಎನ್ನಿಸಿ ಗೋಡೆ ಹಿಡಿದುಕೊಂಡ. ಹೊಳೆ ಏರುತ್ತಿದೆ. ಹುಡುಗಿ ಹೊಳೆಯ ಕಡೆ ಹೋಗಿದ್ದರೆ? "ಸ್ಫೂರ್ತೀ" ಎಂದು ಕೂಗುತ್ತಾ ಹೊರಗೆ ಬಂದ. ಪಕ್ಕದ ಮನೆಯ ಹಂಪಮ್ಮ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. "ಯಾಕಲೇ ಹಾಲೇಶ, ಹಿಂಗ ಬೆವತಿ? ನಿನ್ನ ಮಗಳೇನು? ಈಗ ಗಿರಣಿ ಕಡಿ ಹೋತು ನೋಡು. ಎಲ್ಲಿಗವ್ವಾ ಅಂದ್ರ, ನಮ್ಮಪ್ಪನ್ನ ಕರಿಯಾಕ ಅಂತು. ಅಪ್ಪ ಮನ್ಯಾಗಿಲ್ಲೇನು ಅಂದ್ರ ಮಾತಾಡಲಿಲ್ಲ." ಚಪ್ಪಲಿ ಎಲ್ಲಿ ಬಿತ್ತೋ, ಅವನು ಬರಿಗಾಲಲ್ಲೇ ಓಡಿದ್ದ.

ಐತವಾರವಾದ್ದರಿಂದ ಗಿರಣಿ ಬಂದ್, ಗೇಟಿಗೆ ಬೀಗ ಹಾಕಿತ್ತು. ಸ್ಫೂರ್ತಿ ಎರಡೂ ಕೈಯಲ್ಲಿ ಸರಳು ಹಿಡಿದು, ಸರಳಿನ ನಡುವೆ ಮುಖ ಇಟ್ಟು ಒಳಗೆ ನೋಡುತ್ತಾ ನಿಂತಿದ್ದಳು. ಅಳುತ್ತಿರಲಿಲ್ಲ. ಅದೇ ಹೆಚ್ಚು ಭಯ ತಂದಿತು. ಅವನು ಮಂಡಿಯೂರಿ ಕೂತು ಅವಳ ಭುಜ ಹಿಡಿದ. "ಯಾಕವ್ವಾ ಬಂದಿ ಇಲ್ಲಿಗೆ?" "ಎಚ್ಚರ ಆತು. ನೀ ಇರ್ಲಿಲ್ಲ. ಹುಡುಕಾಕ ಬಂದೆ." ಆಮೇಲೆ, ಅವನ ಕಾಲಿನ ಕಡೆ ನೋಡಿ, ದೊಡ್ಡವರು ಚಿಕ್ಕವರಿಗೆ ಹೇಳುವ ದನಿಯಲ್ಲಿ, "ಬರಿಗಾಲಾಗ ಬಂದೀಯಲ್ಲಪ್ಪಾ. ಅವತ್ತು ನಾನೂ ಹಂಗ ಬಂದು ಮುಳ್ಳು ಚುಚ್ಚಿತ್ತು. ಅದಕ್ಕ ನಾ ನಿಮ್ಮನ್ಯಾಗ ಬೂಟು ಬಿಚ್ಚಂಗಿಲ್ಲ" ಎಂದಳು. ನಿಮ್ಮನೆ ಎಂದಳು. ನೆಲ ಹೊಲಸೆಂದಲ್ಲ, ಮಮ್ಮಿ ಹೇಳಿಕೊಟ್ಟದ್ದೂ ಅಲ್ಲ. ಇಷ್ಟು ಐತವಾರವೂ ಈ ಕೂಸು, ಅಪ್ಪ ಯಾವಾಗ ಕಾಣೆಯಾದಾನು, ಯಾವಾಗ ಹುಡುಕಲು ಓಡಬೇಕಾದೀತು ಎಂದು ತಯಾರಾಗಿ ಮಂಚದ ಅಂಚಿನಲ್ಲಿ ಕೂತಿತ್ತು. ಅವನು ಯಾವ ಬ್ರಷ್ಷು ತಂದಿಟ್ಟರೇನು, ಯಾವ ದಿಂಬು ತಂದಿಟ್ಟರೇನು.

"ಸೇತುವಿ ಮುಳುಗ್ತೈತವ್ವಾ" ಎಂದ ಅವನು. ಮಾತು ತಾನಾಗಿಯೇ ಬಿತ್ತು. "ನನಗ ಮುಂಜಾನೀನ ಗೊತ್ತಿತ್ತು. ನಿಮ್ಮಮ್ಮಿಗೆ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ರಾತ್ರಿ ನೀ ಇಲ್ಲೇ ಉಳೀಲಿ ಅಂತ ಹಂಗ ಮಾಡಿದೆ." ಸ್ಫೂರ್ತಿ ಸರಳು ಬಿಟ್ಟಳು. "ನನಗೂ ಗೊತ್ತಿತ್ತು. ಮಮ್ಮಿಗೆ ವಾಟ್ಸಾಪಿನ್ಯಾಗ ಬಂದಿತ್ತಂತ. ಅಪ್ಪಗ ಗೊತ್ತೈತೇನು, ಹೇಳ್ಯಾನೇನು ಅಂತ ಕೇಳಿದ್ಲು. ಹೂಂ, ಹೇಳ್ಯಾನ, ಮೂರಕ್ಕ ಬಿಡ್ತೀವಿ ಅಂದೆ. ಫೋನ್ ಕೊಡು ಅಂದ್ಲು. ಅಪ್ಪ ಜಳಕಕ್ಕ ಹೋಗ್ಯಾನ ಅಂದೆ. ನೀ ಹೇಳ್ತಿ ಅಂತ ಕಾದೆ. ಮೂರು ಸಲ ಕೇಳಿದೆ ನಿನ್ನ" ಎಂದಳು. ಕೋರ್ಟಿನಲ್ಲಿ ಬಗ್ಗಿಸಿದ್ದ ತಲೆಯನ್ನು ಅವನು ಎತ್ತಿದ್ದ, ಕಾಲ ಕಳೆದಂತೆ ಮೆಲ್ಲಗೆ. ಈಗ ಎತ್ತಲಾಗಲಿಲ್ಲ.

ಅವಳ ಚೀಲವನ್ನೂ ತೆಗೆದುಕೊಳ್ಳದೆ ಮನೆಯಿಂದ ಬೈಕು ಹೊರಡಿಸಿ ಸೇತುವೆಯ ಬಾಯಿಗೆ ಬಂದಾಗ ಮೂರೂವರೆ ದಾಟಿತ್ತು. ಬ್ಯಾರಿಕೇಡು ಅಡ್ಡ ಬಿದ್ದಿತ್ತು. ಹೋಮ್‌ಗಾರ್ಡ್ ಹುಲುಗೇಶ್ ಸೀಟಿ ಊದಿ ಕೈ ಅಡ್ಡ ಹಿಡಿದ. "ಈಗ ಹಾಕೀನಣ್ಣಾ. ಐದು ನಿಮಿಷ ಮೊದಲು ಬಂದಿದ್ರ ಬಿಡ್ತಿದ್ದೆ. ಕೂಸಿನ್ನ ಕರ್ಕಂಡು ಹಿಂದಕ್ಕ ಹೋಗ್ರಿ." ನೀರು ಸೇತುವೆಯ ಅಂಚನ್ನು ನೆಕ್ಕುತ್ತಿತ್ತು, ನಡುವೆ ಒಂದೆರಡು ಕಡೆ ಮೇಲೇರಿ ಹಾಯುತ್ತಿತ್ತು. ಆಚೆ ದಂಡೆಯಲ್ಲಿ, ದ್ಯಾಮಕ್ಕನ ಅಂಗಡಿಯ ಮುಂದೆ, ಬೆರಳಿನಷ್ಟು ಕಾಣುತ್ತಿದ್ದ ಹಳದಿ ಚೂಡಿದಾರದ ಹೆಂಗಸು. ಮೂರಕ್ಕೆ ಬರುತ್ತಾರೆಂದು ನಂಬಿ ಬಂದು ನಿಂತವಳು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸ್ಫೂರ್ತಿ ಕೈ ಚಾಚಿದಳು. "ನನಗ ಕೊಡಪ್ಪಾ. ಗಾಡಿ ಪಂಚರ್ ಆಗಿತ್ತು ಅಂತೀನಿ." ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ಬೆಳಿಗ್ಗೆ ಇದೇ ಸೇತುವೆಯ ಮೇಲೆ ತನ್ನ ಬಾಯಿಂದ ಬಂದಿತ್ತಲ್ಲ, ಅಷ್ಟೇ ಸರಾಗ. ಇಡೀ ದಿನದಲ್ಲಿ ಅವನಿಗೆ ಇದಕ್ಕಿಂತ ದೊಡ್ಡ ಭಯ ಆಗಿರಲಿಲ್ಲ. ಕೊಟ್ಟರೆ ಈ ಐತವಾರವೂ ಉಳಿಯುತ್ತದೆ, ಮುಂದಿನವೂ ಉಳಿಯುತ್ತವೆ, ರಾತ್ರಿಯೂ ಸಿಕ್ಕೀತು. ಅವನು ಕೊಡಲಿಲ್ಲ.

"ಎಲ್ಲಿದ್ದೀರಿ? ಮೂರಕ್ಕ ಬಿಡ್ತೀವಿ ಅಂದಿದ್ರಂತ?" ಸುನಿತಾಳ ದನಿಯ ಹಿಂದೆ ಅದೇ ಹೊಳೆಯ ಸದ್ದು ಆ ಕಡೆಯಿಂದಲೂ ಕೇಳುತ್ತಿತ್ತು. "ನಾ ಅಂದಿದ್ದಿಲ್ಲ" ಎಂದ ಹಾಲೇಶ್. "ಅಕಿ ನನ್ನ ಸಲುವಾಗಿ ಸುಳ್ಳು ಹೇಳ್ಯಾಳ. ನನಗ ಮುಂಜಾನಿ ಎಂಟೂವರಿಗೇ ಗೊತ್ತಿತ್ತು. ರಾತ್ರಿ ಉಳಿಸ್ಕೋಬೇಕಂತ ಬಾಯಿ ಮುಚ್ಚಿಕೊಂಡಿದ್ದೆ. ಈಗ ಮಲಗಿದ್ಲು, ನಾ ಹೊಳಿ ನೋಡಾಕ ಹೋದೆ. ಅಕಿ ಎದ್ದು ನನ್ನ ಹುಡುಕ್ಕೊಂಡು ಗಿರಣಿತನಕ ಹೋಗಿದ್ಲು. ಅವತ್ತಿನಂಗ." ಹೇಳದಿದ್ದರೆ ಯಾರಿಗೂ ತಿಳಿಯದಿದ್ದ ಆ ಕೊನೆಯದನ್ನೂ ಹೇಳಿಬಿಟ್ಟ. ಆಚೆ ದಂಡೆಯ ಹಳದಿ ಚೂಡಿದಾರ ಅಲುಗಾಡಲಿಲ್ಲ. "ಬುಕ್ಕಸಾಗರದ ಕಡಿಂದ ಸುತ್ತಾಕ್ಕೊಂಡು ಬರ್ರಿ" ಎಂದಳು ಸುನಿತಾ ಕೊನೆಗೆ. "ಇನ್ನಾ ಹೊತ್ತೈತಿ. ಆ ಸೇತುವಿ ಈ ಕಡಿ ತುದಿಗೆ, ಕಡೇಬಾಗಿಲಿನ ಹತ್ರ ನಿಂತಿರ್ತೀನಿ. ಉಳಿದದ್ದು ಅಕಿ ನನ್ನ ಕೈಗೆ ಬಂದ ಮ್ಯಾಲೆ." ಉಳಿದದ್ದು ಎಂದರೆ ವಕೀಲರು, ಮತ್ತೆ ಹೊಸಪೇಟೆಯ ಮೆಟ್ಟಿಲು, ತಿಂಗಳಿಗೆ ಎರಡು ಇದ್ದದ್ದು ಒಂದಾಗುವುದು, ಒಂದಿದ್ದದ್ದು ಇಲ್ಲವಾಗುವುದು. "ಬರ್ತೀನಿ" ಎಂದ.

ಅವಳನ್ನು ಕೂರಿಸಿಕೊಂಡೇ ಮನೆಗೆ ಹೋಗಿ ಅವಳ ಚೀಲ ತಂದ. ಒಂದು ಟವೆಲ್ಲನ್ನೂ ಹೆಲ್ಮೆಟ್ಟನ್ನೂ ತಂದ, ಹೆಲ್ಮೆಟ್ಟನ್ನು ಅವಳ ತಲೆಗೆ ಹಾಕಿದ. ದೂರದ ದಾರಿಗೆ ಕೂಸನ್ನು ಬೈಕಿನಲ್ಲಿ ಒಯ್ಯುವವರು ಮಾಡುವಂತೆ, ಟವೆಲ್ಲನ್ನು ಅವಳ ಬೆನ್ನಿನ ಸುತ್ತ ಹಾಯಿಸಿ ತನ್ನ ಹೊಟ್ಟೆಯ ಮೇಲೆ ಎರಡು ಗಂಟು ಹಾಕಿಕೊಂಡ. ಬಾಳೆತೋಟಗಳು, ಕಬ್ಬು, ಕಾಲುವೆಯ ದಂಡೆ, ಎದುರಿಗೆ ಬರುವ ಭತ್ತದ ಲಾರಿಗಳು. ಹತ್ತು ಹನ್ನೆರಡು ಕಿಲೋಮೀಟರು ದಾಟಿರಬೇಕು, ಕಂಬಿ ಹಿಡಿದಿದ್ದ ಕೈ ಮೊದಲು ಒಂದು, ಆಮೇಲೆ ಇನ್ನೊಂದು ಸಡಿಲಾಗಿ ಅವನ ಸೊಂಟದ ಎರಡೂ ಬದಿಗೆ ಬಂದು ಬಿದ್ದವು. ಹೆಲ್ಮೆಟ್ಟಿನ ಭಾರ ಬೆನ್ನಿಗೆ ಒರಗಿತು. ಹಿಡಿದುಕೊಂಡಳೇ ಎಂದು ಒಂದು ಕ್ಷಣ ಎದೆ ಹಿಗ್ಗಿತು. ಹಿಡಿದದ್ದಲ್ಲ, ನಿದ್ದೆ. ಗಂಟು ಬಿಚ್ಚಿಕೊಂಡರೆ? ಈ ಗುಂಡಿಯಲ್ಲಿ ಚಕ್ರ ಜಿಗಿದರೆ? ಎಡಗೈಯಿಂದ ಅವಳ ಎರಡೂ ಪುಟ್ಟ ಕೈಗಳನ್ನು ಹೊಟ್ಟೆಯ ಮೇಲೆ ಸೇರಿಸಿ ಹಿಡಿದು, ಒಂದೇ ಕೈಯಲ್ಲಿ ಹ್ಯಾಂಡಲ್ಲು ಹಿಡಿದು, ನಡೆಯುವವರೂ ಮುಂದೆ ಹೋಗುವಷ್ಟು ಮೆಲ್ಲಗೆ ಬೈಕು ಓಡಿಸಿದ. ಹಿಂದೆ ಹಾರ್ನ್ ಹಾಕಿದವರೆಲ್ಲ ಬೈದುಕೊಂಡು ಮುಂದೆ ಹೋದರು. ಬೈಯಲಿ. ಮೈಯೆಲ್ಲ ಕಣ್ಣಾಗಿ, ಮಗಳ ಉಸಿರು ತನ್ನ ಬೆನ್ನಿಗೆ ತಾಗುವುದನ್ನೇ ಎಣಿಸಿದ.

ಬುಕ್ಕಸಾಗರದ ಸೇತುವೆ ಎತ್ತರದ್ದು. ಆದರೂ ಕೆಳಗಿನ ನೀರಿನ ಮೊರೆತ ಕಿವಿ ತುಂಬಿತು, ಗಾಳಿ ಬೈಕನ್ನು ಪಕ್ಕಕ್ಕೆ ತಳ್ಳಿತು. ಆ ತುದಿಯಲ್ಲಿ ಹಳದಿ ಬಣ್ಣ ಕಂಡಂತಾಯಿತು. ಅವನ ಬೆನ್ನಿನ ಮೇಲೆ ಹೆಲ್ಮೆಟ್ಟು ಅಲುಗಿತು, ಕೈಗಳು ಅವನ ಅಂಗೈಯೊಳಗೆ ಗಾಬರಿಯಿಂದ ತಡವರಿಸಿದವು.

"ಅಪ್ಪಾ?"

"ಇದೀನವ್ವಾ" ಎಂದ ಹಾಲೇಶ್. "ಇಲ್ಲೇ ಇದೀನಿ."

ಕೈಗಳು ಅವನ ಅಂಗಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡವು. ಅವನು ಇನ್ನೂ ಮೆಲ್ಲಗೆ ಮಾಡಿದ. ಸೇತುವೆ ಇನ್ನೂ ಅರ್ಧ ಉಳಿದಿತ್ತು.